ಬೋ ಬರ್ಗ್‌ಡಾಲ್ ಸೈನ್ಯದಿಂದ ಓಡಿಹೋದವನೇ? ನಮ್ಮ ಸೈನ್ಯದಲ್ಲಾಗಿದ್ದರೆ ಏನಾಗುತ್ತಿತ್ತು?

ಅಮೆರಿಕದ ಸೈನಿಕ ಬೋ ಬರ್ಗ್‌ಡಾಲ್ ಹಿಂದಿರುಗುವ ಮನಸ್ಸಿನಿಂದಲೇ ಹೋಗಿದ್ದೆನೆಂದು ಹೇಳಿಕೊಂಡಿರುವಾಗ ಅವನನ್ನು ಪಲಾಯನಗೈದವನೆಂದು ಕರೆಯುವುದು ಸರಿಯೇ, ತಪ್ಪೊಪ್ಪಿಕೊಂಡ ಮೇಲೂ ಜೈಲೇಕೆ ಆಗಲಿಲ್ಲ, ನಮ್ಮಲ್ಲಾಗಿದ್ದರೆ ಏನಾಗುತ್ತಿತ್ತು ಎಂದು ಕೇಳಿದ್ದೀರಿ. ನಾನು ಕಾಲ್ದಳದ ಪಲ್ಟಣವೊಂದರಲ್ಲಿ 22 ವರ್ಷ ಕ್ಲರ್ಕ್ ಆಗಿ ದುಡಿದು, ಹವಾಲ್ದಾರನಾಗಿ ನಿವೃತ್ತನಾಗಿ, ಈಗ ಬೆಳಗಾವಿ ಜಿಲ್ಲೆಯ ಬೈಲಹೊಂಗಲದಲ್ಲಿ ನೆಲೆಸಿದ್ದೇನೆ. ನನ್ನ ಕೈಯಲ್ಲಿ ರೈಫಲ್‌ಗಿಂತ ಹೆಚ್ಚು ಓಡಾಡಿದ್ದು ಗೈರುಹಾಜರಿಯ ಕಾಗದಗಳೇ ಆದ್ದರಿಂದ ಉತ್ತರಿಸುವ ಧೈರ್ಯ ಮಾಡುತ್ತಿದ್ದೇನೆ.

ನಡೆದದ್ದಿಷ್ಟು. 2009ರ ಜೂನ್ 30ರಂದು ಬರ್ಗ್‌ಡಾಲ್ ಅಫ್ಘಾನಿಸ್ತಾನದ ಪಕ್ತಿಕಾ ಪ್ರಾಂತದ ಸಣ್ಣ ಕಾವಲು ಠಾಣೆಯೊಂದರಿಂದ ತನ್ನ ರೈಫಲನ್ನು ಅಲ್ಲಿಯೇ ಬಿಟ್ಟು ನಡೆದುಹೋದ. ಕೆಲವೇ ಗಂಟೆಗಳಲ್ಲಿ ತಾಲಿಬಾನಿಗಳ ಕೈಗೆ ಸಿಕ್ಕ. ಐದು ವರ್ಷ ಸೆರೆಯಲ್ಲಿದ್ದು, 2014ರ ಮೇ 31ರಂದು, ಅಮೆರಿಕದ ಗ್ವಾಂಟನಾಮೋ ಸೆರೆಮನೆಯಲ್ಲಿದ್ದ ಐವರು ತಾಲಿಬಾನಿಗಳಿಗೆ ಬದಲಾಗಿ ಬಿಡುಗಡೆಯಾದ.

ನಿಮ್ಮ ಮೊದಲ ಪ್ರಶ್ನೆಯಲ್ಲಿ ಒಂದು ಗ್ರಹಿಕೆ ಅಡಗಿದೆ. ಅದು ನಮ್ಮ ಬ್ಯಾರಕ್ಕುಗಳಲ್ಲಿಯೂ ಇತ್ತು. ಎಂದಾದರೂ ಹಿಂದಿರುಗುವ ಮನಸ್ಸಿದ್ದರೆ ಅದು ಬರೀ ಗೈರುಹಾಜರಿ, ಮನಸ್ಸಿಲ್ಲದಿದ್ದರೆ ಮಾತ್ರ ಪಲಾಯನ ಎಂಬುದೇ ಆ ಗ್ರಹಿಕೆ. ಕಾನೂನು ಅಲ್ಲಿಗೇ ನಿಲ್ಲುವುದಿಲ್ಲ. ಶಾಶ್ವತವಾಗಿ ಬಿಟ್ಟುಹೋಗುವ ಉದ್ದೇಶವಿಲ್ಲದಿದ್ದರೂ, ಮುಖ್ಯವಾದ ಒಂದು ಕರ್ತವ್ಯದಿಂದ ತಪ್ಪಿಸಿಕೊಳ್ಳುವ ಉದ್ದೇಶದಿಂದ ಜಾಗ ಬಿಟ್ಟರೆ, ಅಮೆರಿಕದಲ್ಲಿಯೂ ನಮ್ಮಲ್ಲಿಯೂ ಅದು ಪಲಾಯನವೇ. ಬರ್ಗ್‌ಡಾಲ್ ಮೇಲೆ 2015ರಲ್ಲಿ ಹೊರಿಸಿದ್ದು ಇಂಥದೇ ಆರೋಪ. ಜೊತೆಗೆ ಅದಕ್ಕಿಂತ ಗಂಭೀರವಾದ, ಶತ್ರುವಿನ ಎದುರು ದುರ್ವರ್ತನೆಯ ಆರೋಪವೂ ಇತ್ತು. ಆದ್ದರಿಂದ 'ಹಿಂದಿರುಗುತ್ತಿದ್ದೆ' ಎಂಬ ಮಾತನ್ನು ಪೂರ್ತಿಯಾಗಿ ನಂಬಿದರೂ ಅವನು ಆರೋಪದಿಂದ ಪಾರಾಗುತ್ತಿರಲಿಲ್ಲ.

ನಮ್ಮಲ್ಲಿ ಈ ವಿಷಯವನ್ನು 1950ರ ಸೇನಾ ಕಾಯ್ದೆ ನೋಡಿಕೊಳ್ಳುತ್ತದೆ. ಪಲಾಯನಕ್ಕೆ 38ನೆಯ ಕಲಮು, ರಜೆಯಿಲ್ಲದೆ ಗೈರಾಗುವುದಕ್ಕೂ ರಜೆ ಮುಗಿದ ಮೇಲೆ ಉಳಿದುಬಿಡುವುದಕ್ಕೂ 39ನೆಯ ಕಲಮು. ಎರಡನೆಯದಕ್ಕೆ ಗರಿಷ್ಠ ಮೂರು ವರ್ಷ ಸೆರೆ. ಮೊದಲನೆಯದಕ್ಕೆ ಸಾಮಾನ್ಯ ಸಮಯದಲ್ಲಿ ಏಳು ವರ್ಷ. ಸಕ್ರಿಯ ಸೇವೆಯಲ್ಲಿದ್ದಾಗ, ಅಂದರೆ ಶತ್ರುವಿನ ವಿರುದ್ಧದ ಕಾರ್ಯಾಚರಣೆಯಂಥದರಲ್ಲಿ ಇದ್ದಾಗ, ಅಥವಾ ಅದಕ್ಕೆ ಹೊರಡುವ ಆದೇಶ ಬಂದಿದ್ದಾಗ ಮರಣದಂಡನೆಯವರೆಗೂ ಹೋಗಬಹುದು. ಬರ್ಗ್‌ಡಾಲ್ ಇದ್ದದ್ದು ಯುದ್ಧಭೂಮಿಯ ಠಾಣೆಯಲ್ಲಿ ಎಂಬುದನ್ನು ಮರೆಯದೆ ಈ ಅಂತರವನ್ನು ಓದಿಕೊಳ್ಳಿ.

ಆಫೀಸಿನಲ್ಲಿ ಇದು ನಡೆಯುವ ಬಗೆ ಜನ ಭಾವಿಸುವಷ್ಟು ನಾಟಕೀಯವಲ್ಲ. ಜವಾನ ನಿಗದಿತ ದಿನ ಹಾಜರಾಗದಿದ್ದರೆ ಅವನ ಜಿಲ್ಲೆಯ ಪೊಲೀಸರಿಗೆ ಅವನನ್ನು ಹಿಡಿದುಕೊಡಿರೆಂದು ಕೇಳುವ ಅಪ್ರಿಹೆನ್ಷನ್ ರೋಲ್ ಎಂಬ ಕಾಗದ ಹೋಗುತ್ತದೆ. ಪಲಾಯನಗೈದವನೆಂದು ನಂಬಲು ಕಾರಣವಿದ್ದರೆ ಪೊಲೀಸರು ವಾರಂಟ್ ಇಲ್ಲದೆಯೇ ಹಿಡಿಯಬಹುದು. ಮೂವತ್ತು ದಿನ ಕಳೆದ ಮೇಲೆ ಕೋರ್ಟ್ ಆಫ್ ಇನ್‌ಕ್ವೈರಿ ಎಂಬ ತನಿಖಾ ಮಂಡಳಿ ಕೂತು, ಅವನು ಗೈರಾದ ದಿನವನ್ನೂ ಅವನ ಲೆಕ್ಕದಲ್ಲಿ ಕಡಿಮೆ ಬಿದ್ದ ಸರ್ಕಾರಿ ಸಾಮಾನನ್ನೂ ದಾಖಲಿಸುತ್ತದೆ. ಆಮೇಲೂ ಅವನು ಶರಣಾಗದಿದ್ದರೆ ಅಥವಾ ಸಿಕ್ಕಿಬೀಳದಿದ್ದರೆ ಕಾಯ್ದೆಯ ದೃಷ್ಟಿಯಲ್ಲಿ ಪಲಾಯನಗೈದವನು. ಬೇರೆ ಬಹುಪಾಲು ಅಪರಾಧಗಳ ವಿಚಾರಣೆಗೆ ಮೂರು ವರ್ಷದ ಕಾಲಮಿತಿ ಉಂಟು, ಪಲಾಯನಕ್ಕೆ ಅದಿಲ್ಲ. ಸೇವೆಯಿಂದ ವಜಾ ಆದರೆ ಪಿಂಚಣಿಯೂ ಇಲ್ಲ. ನಮ್ಮ ಕಡೆಯ ಮನೆಗಳಿಗೆ ಜೈಲಿಗಿಂತ ದೊಡ್ಡ ಪೆಟ್ಟು ಅದೇ.

ನಾನು ಕಂಡ ಪ್ರಕರಣಗಳಲ್ಲಿ ಬಹುಪಾಲು ಹೇಡಿತನದವಲ್ಲ. ಕೊಳವೆಬಾವಿಯ ಸಾಲ, ತಂಗಿಯ ಮದುವೆ, ಅಣ್ಣತಮ್ಮಂದಿರ ಹೊಲದ ಪಾಲು, ಹೀಗೆ ಊರಿನ ಒಂದು ಗಂಟು ಬಿಚ್ಚಲಾಗದೆ ಹುಡುಗರು ಉಳಿದುಬಿಡುತ್ತಿದ್ದರು. ನಾನು ರಜೆಯ ಮೇಲೆ ಊರಿಗೆ ಬಂದಿದ್ದಾಗ ಪಕ್ಕದ ಹಳ್ಳಿಯ ತಾಯಿಯೊಬ್ಬರು ಮನೆಗೆ ಬಂದು, "ಮಗಾ ನಾಕ್ ದಿನಾ ತಡಾ ಮಾಡಿದ್ರ ಪೊಲೀಸರು ಯಾಕ್ ಬರಬೇಕ್ರೀ, ಅಂವೇನ್ ಕಳುವು ಮಾಡ್ಯಾನೇನು?" ಎಂದು ಕೇಳಿದ್ದರು. ಆ ನಾಲ್ಕು ದಿನ ಆಗಲೇ ಇಪ್ಪತ್ತಾರಾಗಿದ್ದವು. ನಾನೇ ಆ ಹುಡುಗನನ್ನು ಬೆಳಗಾವಿ ಸ್ಟೇಷನ್ನಿನಲ್ಲಿ ರೈಲು ಹತ್ತಿಸಿದೆ. ತಾನಾಗಿಯೇ ಹಾಜರಾದದ್ದರಿಂದ ಕಮಾಂಡಿಂಗ್ ಅಧಿಕಾರಿಯ ಹಂತದಲ್ಲಿಯೇ, ಕೆಲವು ದಿನ ಪಲ್ಟಣದ ಕ್ವಾರ್ಟರ್ ಗಾರ್ಡಿನಲ್ಲಿ ಸೆರೆ ಮತ್ತು ಗೈರಾದ ದಿನಗಳ ಸಂಬಳ ಕಡಿತದಲ್ಲಿ ಅದು ಮುಗಿಯಿತು.

ಬರ್ಗ್‌ಡಾಲ್‌ನದು ಈ ಜಾತಿಯ ಪ್ರಕರಣವಲ್ಲ. ಮೇಲಧಿಕಾರಿಗಳ ನಾಯಕತ್ವ ಸರಿಯಿಲ್ಲ, ಸುಮಾರು 30 ಕಿಲೋಮೀಟರ್ ದೂರದ ದೊಡ್ಡ ಶಿಬಿರಕ್ಕೆ ನಡೆದುಹೋದರೆ ಹುಯಿಲೆದ್ದು ತನ್ನ ದೂರನ್ನು ಜನರಲ್ ಒಬ್ಬರು ಕೇಳಿಯಾರು ಎಂಬುದು ಅವನ ವಿವರಣೆ. ಅದು ಕಟ್ಟುಕತೆಯೆಂದು ನಾನು ಹೇಳುವುದಿಲ್ಲ. ತನಿಖೆ ನಡೆಸಿದ ಮೇಜರ್ ಜನರಲ್ ಕೆನೆತ್ ಡಾಲ್ ಕೂಡ ಅವನ ಪ್ರಾಮಾಣಿಕತೆಯನ್ನು ಒಪ್ಪಿದ್ದರು. ಆದರೆ ದೂರು ಹೇಳುವುದಕ್ಕೆ ಪ್ರತಿ ಸೈನ್ಯದಲ್ಲೂ ದಾರಿ ಇರುತ್ತದೆ. ನಮ್ಮಲ್ಲಿ ಅಧಿಕಾರಿಯ ಮುಂದೆ ನಿಂತು ಅಹವಾಲು ಹೇಳುವ ಅರ್ಜಿ ರಿಪೋರ್ಟ್ ಇದೆ, ಕಮಾಂಡಿಂಗ್ ಅಧಿಕಾರಿ ಜವಾನರೆಲ್ಲರೊಡನೆ ಮಾತಾಡುವ ಸೈನಿಕ ಸಮ್ಮೇಳನವಿದೆ, ಅನ್ಯಾಯವಾದರೆ ಮೇಲಿನವರಿಗೆ ದೂರು ಕೊಡಲು ಕಾಯ್ದೆಯ 26ನೆಯ ಕಲಮಿದೆ. ಅವು ನಿಧಾನ, ಕೆಲವೊಮ್ಮೆ ಕಿವುಡು, ಒಪ್ಪುತ್ತೇನೆ. ಆದರೂ ಕಾವಲಿನ ಸಾಲಿನಿಂದ ಒಬ್ಬ ಎದ್ದುಹೋದರೆ ಅವನ ದೂರಿನ ಬೆಲೆಯನ್ನು ತೆರುವವರು ಪಕ್ಕದ ಕಂದಕದಲ್ಲಿದ್ದವರು. ಅವನನ್ನು ಹುಡುಕಲು ಹೋದವರಲ್ಲಿ ಒಬ್ಬನ ತಲೆಗೆ ಗುಂಡು ಬಿದ್ದು ಮಾತು, ನಡಿಗೆ ಎರಡೂ ಹೋದವು. ಹುಡುಕಾಟದಲ್ಲಿ ಸೈನಿಕರು ಸತ್ತರೆಂದು ನೀವು ಓದಿರಬಹುದು. ಅದಕ್ಕೆ ಪುರಾವೆ ಸಿಗಲಿಲ್ಲವೆಂದು ಡಾಲ್ ಸಾಕ್ಷ್ಯ ನುಡಿದಿದ್ದಾರೆ.

ಇನ್ನು ಜೈಲಿನ ಮಾತು. 2017ರ ಅಕ್ಟೋಬರ್‌ನಲ್ಲಿ ಅವನು ತಪ್ಪೊಪ್ಪಿಕೊಂಡ. ನವೆಂಬರ್ 3ರಂದು ಸೈನ್ಯದಿಂದ ಅಗೌರವದ ಬಿಡುಗಡೆ, ಎಲ್ಲಕ್ಕಿಂತ ಕೆಳಗಿನ ಪ್ರೈವೇಟ್ ದರ್ಜೆಗೆ ಹಿಂಬಡ್ತಿ, ಹತ್ತು ತಿಂಗಳು ಸಂಬಳದಲ್ಲಿ ತಿಂಗಳಿಗೆ 1,000 ಡಾಲರ್ ಕಡಿತ ಎಂದು ತೀರ್ಪಾಯಿತು. ಪಂಜರದಲ್ಲಿ ಕೂಡಿಹಾಕಿ ಹಿಂಸಿಸಿದ ಐದು ವರ್ಷದ ಸೆರೆಯೂ, ಮಾನಸಿಕ ಕಾಯಿಲೆಯ ಸಾಕ್ಷ್ಯವೂ ನ್ಯಾಯಾಧೀಶರ ಮುಂದಿದ್ದವು. ನನಗೆ ಕೇಳಿದರೆ ಶಿಕ್ಷೆ ಹಗುರವೇ, ಆದರೆ ಅನ್ಯಾಯದ್ದಲ್ಲ. ಮುಂದೆ 2023ರ ಜುಲೈನಲ್ಲಿ ವಾಷಿಂಗ್ಟನ್‌ನ ಫೆಡರಲ್ ನ್ಯಾಯಾಧೀಶ ರೆಗ್ಗಿ ವಾಲ್ಟನ್ ಆ ತೀರ್ಪನ್ನೇ ರದ್ದುಪಡಿಸಿದರು. ಅದನ್ನು ನಿರ್ದೋಷಿ ಎಂಬ ಘೋಷಣೆಯೆಂದು ಓದಬೇಡಿ: ಸೇನಾ ನ್ಯಾಯಾಧೀಶರು ವಿಚಾರಣೆಯ ನಡುವೆಯೇ ಸರ್ಕಾರದ ನ್ಯಾಯ ಇಲಾಖೆಯಲ್ಲಿ ವಲಸೆ ನ್ಯಾಯಾಧೀಶರ ಹುದ್ದೆಗೆ ಅರ್ಜಿ ಹಾಕಿದ್ದನ್ನು ತಿಳಿಸಿರಲಿಲ್ಲ ಎಂಬುದೇ ಅಲ್ಲಿನ ಕಾರಣ. ಅವನು ಠಾಣೆ ಬಿಟ್ಟದ್ದು ಸರಿಯೋ ತಪ್ಪೋ ಎಂಬುದು ಆ ಆದೇಶದ ವಿಷಯವಾಗಿರಲಿಲ್ಲ.