ಪೋಸ್ಟ್-ಇಂಪ್ರೆಷನಿಸ್ಟ್ ಚಿತ್ರಗಳನ್ನು ಗುರುತಿಸುವುದು ಹೇಗೆ?

ಇದು ಒಂದೇ ಶೈಲಿಯಲ್ಲ ಎಂಬುದು ಮೊದಲು ಗೊತ್ತಿರಲಿ. 1910ರಲ್ಲಿ ಲಂಡನ್ನಿನ ಪ್ರದರ್ಶನವೊಂದಕ್ಕಾಗಿ ವಿಮರ್ಶಕ ರೋಜರ್ ಫ್ರೈ ಇಟ್ಟ ಹೆಸರಿದು. ಅಷ್ಟರಲ್ಲಿ ಈ ಹೆಸರಿನಡಿ ಬರುವ ಪ್ರಮುಖ ಚಿತ್ರಕಾರರಾದ ವ್ಯಾನ್ ಗೋ, ಸೆರಾ, ಗೊಗ್ಯಾಂ, ಸೆಜಾನ್ ನಾಲ್ವರೂ ತೀರಿಕೊಂಡಿದ್ದರು! ತಮಗಿಂತ ಮುಂಚೆ ಕ್ಷಣದ ಬೆಳಕನ್ನು ಹಿಡಿಯಲು ಹೊರಟಿದ್ದ ಇಂಪ್ರೆಷನಿಸ್ಟ್ ಚಿತ್ರಕಾರರ ಉಜ್ವಲ ಬಣ್ಣವನ್ನು ಇವರು ಉಳಿಸಿಕೊಂಡರು. ಆದರೆ ಕ್ಷಣದ ಬೆಳಕಿಗಿಂತ ರಚನೆಗೆ, ಭಾವಕ್ಕೆ ಒತ್ತು ಕೊಟ್ಟರು.

ಕುಂಚದ ಗುರುತನ್ನೇ ನೋಡಿ. ಸೆಜಾನ್‌ನದು ಒಂದೇ ದಿಕ್ಕಿಗೆ ಸಾಲಾಗಿ ಹಚ್ಚಿದ ತೇಪೆಗಳು. ಅವನ ಚಿತ್ರದಲ್ಲಿ ಮೇಜಿಗೆ ಹಾಸಿದ ಬಟ್ಟೆಯ ಎರಡೂ ಬದಿಯಲ್ಲಿ ಮೇಜಿನ ಅಂಚು ಒಂದೇ ಗೆರೆಗೆ ಕೂಡದಿದ್ದರೆ ಅದು ಕೈತಪ್ಪಲ್ಲ, ಬೇರೆ ಬೇರೆ ಕೋನದಿಂದ ನೋಡಿದ್ದು. ಗೊಗ್ಯಾಂನಲ್ಲಿ ಗಾಢ ಹೊರಗೆರೆ, ಒಳಗೆ ನೆರಳಿಲ್ಲದ ಸಪಾಟು ಬಣ್ಣ. ವ್ಯಾನ್ ಗೋ ಬಣ್ಣವನ್ನು ದಪ್ಪಗೆ ಮೆತ್ತುತ್ತಾನೆ.

ಸೆರಾ ಬಣ್ಣಗಳನ್ನು ಬೆರೆಸದೆ ಚುಕ್ಕೆಚುಕ್ಕೆಯಾಗಿ ಪಕ್ಕಪಕ್ಕ ಇಡುತ್ತಾನೆ. ಆ ಚುಕ್ಕೆಗಳನ್ನು ಅನುಕರಿಸುವವರು ಎಡವುವುದು ಒಂದು ಕಡೆ: ನೀಲಿಯ ಪಕ್ಕ ಕಿತ್ತಳೆ ಇಟ್ಟರೆ ಎರಡೂ ಹೊಳೆಯುತ್ತವೆ, ಆದರೆ ಚುಕ್ಕೆ ತೀರಾ ಸಣ್ಣದಾದರೆ ಕಣ್ಣಲ್ಲೇ ಬೆರೆತು ಬೂದಿಬಣ್ಣಕ್ಕೆ ತಿರುಗುತ್ತವೆ.

ಅಂದಹಾಗೆ, ಇಂದು ಕಾಣುವ ಬಣ್ಣವನ್ನು ಪೂರ್ತಿ ನಂಬಬೇಡಿ. ವ್ಯಾನ್ ಗೋ ಬಿಡಿಸಿದ ತನ್ನ ಮಲಗುವ ಕೋಣೆಯ ಚಿತ್ರದಲ್ಲಿ ಗೋಡೆಗಳು ಮೊದಲು ನೇರಳೆಯಾಗಿದ್ದವು. ಕೆಂಪು ಮಾಸಿ ನೀಲಿಯಷ್ಟೇ ಉಳಿದಿದೆ.