ಹೆಸರಿಗಾಗಿ ಕೊಟ್ಟದ್ದು ದಾನವೇ?

ಪ್ರಶ್ನೆ: ಪಿಯುಸಿ ಓದುತ್ತಿರುವ ನನಗೆ ಹಳೆಯ ನಾಣ್ಯಗಳ ಸಂಗ್ರಹ ಮತ್ತು ತತ್ತ್ವಶಾಸ್ತ್ರದಲ್ಲಿ ಆಸಕ್ತಿ. ಚಳಿಗಾಲದಲ್ಲಿ ನಮ್ಮ ಬಡಾವಣೆಯ ಕೆಲವರು ಬಸ್ ನಿಲ್ದಾಣದ ಬಳಿ ಮಲಗುವವರಿಗೆ ಕಂಬಳಿ ಹಂಚಿ, ಪ್ರತಿಯೊಬ್ಬರನ್ನೂ ಕಂಬಳಿ ಹಿಡಿಸಿ ನಿಲ್ಲಿಸಿ, ಫೋಟೊ ತೆಗೆದು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಿದರು. ಇದು ದಾನವೇ? ಅಪ್ಪ ಕೊಟ್ಟ ಪಾಕೆಟ್ ಮನಿಯಿಂದ ನಾನು ಕೊಟ್ಟರೆ ಅದು ನನ್ನ ದಾನವೇ?
– ಓದುಗ, ಕಲಬುರಗಿ

ಉತ್ತರ: ಎರಡನೆಯದು ಸುಲಭ, ನಾಣ್ಯ ಕೊಳ್ಳಬಹುದಾಗಿದ್ದ ಹಣವನ್ನು ಬಿಟ್ಟುಕೊಟ್ಟರೆ ಆ ತ್ಯಾಗ ನಿಮ್ಮದೇ. ಮೊದಲನೆಯದಕ್ಕೆ ಬಂದರೆ, ಕೊಟ್ಟವರ ಮನಸ್ಸು ಹೇಗೇ ಇರಲಿ, ಕಂಬಳಿ ಬೆಚ್ಚಗೇ ಇರುತ್ತದೆ. ಆದ್ದರಿಂದ ಕೀರ್ತಿಯ ಆಸೆಯೊಂದರಿಂದಲೇ ಕೊಡುಗೆ ಕೆಡುತ್ತದೆ ಎಂದು ನಾನು ಹೇಳಲಾರೆ. ತಪ್ಪಿರುವುದು ಫೋಟೊದಲ್ಲಿ, ಏಕೆಂದರೆ ಪಡೆದವರು ತಮ್ಮ ಬಡತನದ ಪ್ರದರ್ಶನವನ್ನೇ ಕಂಬಳಿಯ ಬೆಲೆಯಾಗಿ ತೆರಬೇಕಾಯಿತು. ನಮ್ಮ ಶರಣರು ದಾಸೋಹವನ್ನು ಸಾರಿದ 12ನೇ ಶತಮಾನದಲ್ಲೇ ಬಾಳಿದ ಯೆಹೂದಿ ಚಿಂತಕ ಮೈಮೊನಿಡೀಸ್ ದಾನವನ್ನು ಎಂಟು ಮೆಟ್ಟಿಲುಗಳಾಗಿ ವಿಂಗಡಿಸಿ, ಕೊಟ್ಟವರೂ ಪಡೆದವರೂ ಪರಸ್ಪರ ಅರಿಯದ ದಾನವನ್ನು ಮೇಲಿನಿಂದ ಎರಡನೆಯದಾಗಿಯೂ, ಸಾಲವನ್ನೋ ಕೆಲಸವನ್ನೋ ಒದಗಿಸಿ ಒಬ್ಬರು ಮತ್ತೆ ಕೈಚಾಚದಂತೆ ಮಾಡುವುದನ್ನು ಅತ್ಯುನ್ನತವಾಗಿಯೂ ಇಟ್ಟರು. ಒಲ್ಲದ ಮನಸ್ಸಿನ ದಾನ ಕೊನೆಯ ಮೆಟ್ಟಿಲು. ಆದರೂ ಅದನ್ನು ಅವರು ಪಟ್ಟಿಯಿಂದ ಕೈಬಿಡಲಿಲ್ಲ ಎಂಬುದನ್ನು ಗಮನಿಸಿ. ಮುಂದಿನ ಸಲ ನೀವೂ ಅವರ ಜೊತೆ ಹೋಗಿ, ಹಂಚುವ ಮೊದಲೇ ಕಂಬಳಿಗಳ ರಾಶಿಯದೊಂದು ಫೋಟೊ ತೆಗೆದರೆ ಸಾಲದೇ ಎಂದು ಕೇಳಿನೋಡಬಹುದು.