ಮೈಸೂರಲ್ಲಿ ಪ್ಲಾನ್ ಇಲ್ದೆ ಇಬ್ರೇ ಒಂದಿನ ನಡ್ಕೊಂಡು ಸುತ್ತೋಕಾಗುತ್ತಾ?

ಆಗುತ್ತೆ ಕಣ್ರೀ, ಆರಾಮಾಗಿ ಆಗುತ್ತೆ. ಮದುವೆಯಾಗಿ ಹೊಸದು, ಭಾನುವಾರ ಒಂದೇ ದಿನ ಸಿಗೋದು, ಗಾಡಿ ಇಲ್ಲ, ಪ್ಲಾನೂ ಇಲ್ಲ, ಸುಮ್ನೆ ನಡ್ಕೊಂಡೇ ಸುತ್ತಿದ್ರೆ ಮಧ್ಯಾಹ್ನಕ್ಕೇ ಸುಸ್ತಾಗಿ ಜಗಳ ಆಡ್ತೀವಾ ಅಂತ ತಾನೇ ನೀವು ಕೇಳಿರೋದು? ಜಗಳ ಆಗ್ಬಾರ್ದು ಅಂದ್ರೆ ಒಂದೇ ಒಂದು ರೂಲ್ ಇಟ್ಕೊಳ್ಳಿ. ಒಂದು ಸರ್ಕಲ್ಲಲ್ಲಿ ನೀವು ಹೇಳಿದ ರಸ್ತೆ, ಮುಂದಿನ ಸರ್ಕಲ್ಲಲ್ಲಿ ಅವ್ರು ಹೇಳಿದ ರಸ್ತೆ. ಯಾಕೆ ಏನು ಅಂತ ಕೇಳೋ ಹಾಗಿಲ್ಲ. ಮೈಸೂರಲ್ಲಿ ಸ್ವಲ್ಪ ದೂರ ನಡೆದ್ರೆ ಸಾಕು ಒಂದು ಸರ್ಕಲ್ ಸಿಗುತ್ತೆ, ಅದಕ್ಕೇ ಈ ಆಟ ಇಲ್ಲಿ ನಡಿಯುತ್ತೆ, ಬೆಂಗಳೂರಲ್ಲಿ ಆಡಕ್ಕೆ ಹೋದ್ರೆ ಸಿಲ್ಕ್ ಬೋರ್ಡ್ ದಾಟೋಷ್ಟ್ರಲ್ಲಿ ಕತ್ಲಾಗುತ್ತೆ.

ನಾವು ಮಂಡ್ಯದೋರು. ಅವತ್ತು ಹೊರಟಿದ್ದು ನಂಜನಗೂಡಿಗೆ. ಮೈಸೂರು ಸ್ಟೇಷನ್ನಲ್ಲಿ ಇಳಿದು ಮುಂದಿನ ಟ್ರೈನಿಗೆ ಕಾಯ್ತಾ ಇದ್ವಿ, ಹೊರಗಡೆ ಬಿಸಿಲೂ ಇಲ್ಲ ಮಳೆನೂ ಇಲ್ಲ, ಮೋಡ ಮುಚ್ಕೊಂಡು ತಣ್ಣಗಿತ್ತು, ನಾನೇ ಅಂದೆ, ರೀ, ನಂಜುಂಡಪ್ಪ ಎಲ್ಲೂ ಹೋಗಲ್ಲ, ಅಲ್ಲಿಗೆ ಮುಂದಿನ ವಾರ ಹೋಗಣ, ಇವತ್ತು ಇಲ್ಲೇ ಸುತ್ತಣ ಬನ್ನಿ ಅಂತ. ನಮ್ಮನೆಯವ್ರು ಡಿಗ್ರಿ ಓದಿದ್ದು ಮೈಸೂರಲ್ಲಿ, ಊರೆಲ್ಲ ತಮಗೇ ಬರ್ಕೊಟ್ಟವ್ರೆ ಅನ್ನೋ ಗತ್ತು ಬೇರೆ. ಎಲ್ಲಿಗೆ ಅಂದ್ರು. ಗೊತ್ತಿಲ್ಲ ಅಂದೆ. ಸರಿ ನಡಿ ಅಂದ್ರು, ಅಷ್ಟೇ.

ಮೊದಲನೇ ಸರ್ಕಲ್ ನಂದು, ಧನ್ವಂತ್ರಿ ರಸ್ತೆ ಹಿಡಿದ್ವಿ, ಅದು ತಂದು ಬಿಡೋದು ದೇವರಾಜ ಮಾರ್ಕೆಟ್ಟಿಗೆ. ನಿಜ ಹೇಳ್ತೀನಿ, ನಿಮಗೆ ಅರ್ಧ ದಿನವೇ ಇದ್ರೂ ಬೇರೆದೆಲ್ಲ ಬಿಟ್ಟು ಇಲ್ಲೇ ಇರಿ. ಅರಿಶಿನ ಕುಂಕುಮದ ಗುಡ್ಡೆ ಫೋಟೋ ಎಲ್ರೂ ನೋಡಿರ್ತೀರ, ಅದನ್ನ ದಾಟಿ ಬಾಳೆಹಣ್ಣಿನ ಸಾಲಿಗೆ ಹೋಗಿ, ಏಲಕ್ಕಿ, ಪಚ್ಚಬಾಳೆ, ಪುಣ್ಯ ಇದ್ರೆ ನಂಜನಗೂಡು ರಸಬಾಳೆನೂ ಸಿಗುತ್ತೆ, ಪಕ್ಕದಲ್ಲಿ ಮೈಸೂರು ಚಿಗುರೆಲೆ ಒದ್ದೆ ಗೋಣಿ ಮೇಲೆ ಜೋಡ್ಸಿಟ್ಟಿರ್ತಾರೆ. ಹೂವಿನ ಸಾಲಲ್ಲಿ ಒಂದು ಟ್ರಿಕ್ ಇದೆ, ನಮ್ಮಮ್ಮ ಹೇಳ್ಕೊಟ್ಟಿದ್ದು. ಮಲ್ಲಿಗೆ ಅಳೆಯೋದು ಮೊಳದ ಲೆಕ್ಕದಲ್ಲಿ, ಮೊಳ ಅಂದ್ರೆ ಮಾರೋರ ಮೊಣಕೈಯಿಂದ ಬೆರಳ ತುದಿವರೆಗೆ, ಸೋ ಅಂಗಡಿ ನೋಡ್ಬೇಡಿ, ಕೈ ನೋಡಿ. ನಾನು ಸಾಲೆಲ್ಲ ಒಂದು ರೌಂಡ್ ಹಾಕಿ ಎಲ್ರಿಗಿಂತ ಎತ್ತರ ಇದ್ದ ತಾತನ ಹತ್ರ ಹೋಗಿ ನಿಂತೆ. ಅವ್ರಿಗೂ ಅರ್ಥ ಆಗೋಯ್ತು, ನಕ್ಕೊಂಡು ‘ಏನವ್ವ, ಕೈ ಅಳ್ದುಬಿಟ್ಟು ಬಂದ್ಯಾ’ ಅಂದ್ರು, ಅಳೀವಾಗ ಬೆರಳು ಮಡಿಚ್ಕೊಂಡ್ರು, ನಾನು ಬೆರಳು ಬಿಡಿ ತಾತ ಅಂದೆ, ಕೊನೆಗೆ ಮೇಲೊಂದು ಗೇಣು ಹೂವು ಎಳ್ದು ಕೊಟ್ರು. ನಮ್ಮನೆಯವ್ರಿಗೆ ನಾಚ್ಕೆ, ದೂರ ಹೋಗಿ ಸೌತೆಕಾಯಿ ತಿಂತಾ ನಿಂತಿದ್ರು.

ಈ ಮಾರ್ಕೆಟ್ಟಿನ ಒಂದು ಭಾಗ 2016ರ ಆಗಸ್ಟಲ್ಲಿ ಕುಸ್ದು ಬಿತ್ತು. ಆವತ್ತಿಂದ ಕೆಡವಿ ಹೊಸದು ಕಟ್ಟಬೇಕು ಅನ್ನೋರು, ರಿಪೇರಿ ಮಾಡಿ ಉಳಿಸ್ಕೊಳ್ಳಿ ಅನ್ನೋರು ಅಂತ ಎರಡು ಪಾರ್ಟಿ. ಅಲ್ಲೇ ಹತ್ತಿರದ ಲ್ಯಾನ್ಸ್‌ಡೌನ್ ಬಿಲ್ಡಿಂಗೂ 2012ರಲ್ಲಿ ಹಿಂಗೇ ಬಿದ್ದು ಜನ ಸತ್ತಿದ್ರು. ನನ್ ಪ್ರಕಾರ ಉಳಿಸ್ಕೊಬೇಕು, ಹೊಸ ಕಾಂಪ್ಲೆಕ್ಸ್ ಕಟ್ಟಿ ಶಟರ್ ಹಾಕಿದ್ರೆ ಆ ತಾತ ಎಲ್ಲಿ ಕೂರ್ತಾರೆ ಹೇಳಿ.

ಮಾರ್ಕೆಟ್ಟಿನ ದಕ್ಷಿಣದ ತುದಿಗೆ ಬಂದ್ರೆ ಚಿಕ್ಕ ಗಡಿಯಾರ, ಆಮೇಲೆ ಕೆ.ಆರ್. ಸರ್ಕಲ್. ಅವ್ರ ಸರದಿ. ದೊಡ್ಡ ಗಡಿಯಾರದ ಕಡೆ ತಿರುಗಿಸಿದ್ರು. ನಾಲ್ವಡಿಯವರು ಪಟ್ಟಕ್ಕೆ ಬಂದು 25 ವರ್ಷ ಆಯ್ತು ಅಂತ 1927ರಲ್ಲಿ ಕಟ್ಟಿದ್ದು, 75 ಅಡಿ ಎತ್ತರ, ಅದ್ರಲ್ಲಿ ಅಂಕಿ ಎಲ್ಲ ಕನ್ನಡದ್ದು. ನಾಲ್ಕು ವರ್ಷ ದಿನಾ ಇದ್ರ ಕೆಳಗೇ ಓಡಾಡವ್ರೆ, ಅಂಕಿ ಕನ್ನಡದ್ದು ಅಂತ ನಾನು ತೋರಿಸಿದ್ ಮೇಲೇ ಕತ್ತೆತ್ತಿ ನೋಡಿದ್ದು ಮಹಾನುಭಾವ್ರು.

ಅರಮನೆ ಒಳಗಡೆ ಹೋಗ್ಲಿಲ್ಲ, ನೀವೂ ಅವತ್ತು ಹೋಗ್ಬೇಡಿ. ಭಾನುವಾರ ಕ್ಯೂ, ಚಪ್ಪಲಿ ಬಿಟ್ಟು ಜನದ ಜೊತೆ ತಳ್ಳಿಸ್ಕೊಂಡು ಹೋಗ್ಬೇಕು, ನಡೆಯೋ ಮೂಡೇ ಹೋಗ್ಬಿಡುತ್ತೆ. ಹಾರ್ಡಿಂಜ್ ಸರ್ಕಲ್ ದಾಟಿ ನಜರ್‌ಬಾದಿಗೆ ಹೋಗಿ ಮೈಲಾರಿ ದೋಸೆ ತಿನ್ನಿ. ಅದೇ ಹೆಸರಿನ ಹೋಟ್ಲು ಅಲ್ಲಿ ಒಂದಕ್ಕಿಂತ ಜಾಸ್ತಿ ಇದೆ, ಒರಿಜಿನಲ್ ಯಾವ್ದು ಅಂತ ಕೇಳಿದ್ರೆ ಸಂಜೆವರೆಗೂ ವಾದ ಮಾಡೋ ಜನ ಸಿಗ್ತಾರೆ, ಎಲ್ಲಿ ಸೀಟ್ ಖಾಲಿ ಇದ್ಯೋ ಅಲ್ಲಿ ಕೂತ್ಕೊಳ್ಳಿ. ಮೆತ್ತಗಿನ ದೋಸೆ, ಒಳಗೆ ಸಾಗು, ಮೇಲೆ ಬೆಣ್ಣೆ. ಒಂದ್ ಪ್ಲೇಟಿಗೆ ನಿಲ್ಲಲ್ಲ. ಇನ್ನೊಂದು, ಹೆಣ್ಮಕ್ಕಳಿಗೆ ಮಾತ್ರ ಹೇಳ್ತಿದೀನಿ, ಇಡೀ ದಿನ ನಡೆಯೋವಾಗ ದೊಡ್ಡ ತಲೆನೋವು ಬಾತ್ರೂಮಿಂದು, ತಿಂಡಿಗೆ ಕಾಫಿಗೆ ಎಲ್ಲೇ ಕೂತ್ರೂ ಎದ್ದೇಳೋ ಮುಂಚೆ ಅಲ್ಲೇ ಹೋಗ್ಬಿಟ್ಟು ಬನ್ನಿ, ಆಮೇಲೆ ನೋಡಣ ಅನ್ಬೇಡಿ.

ಅಲ್ಲಿಂದ ಯಾವ ಸರ್ಕಲ್ ಯಾರದ್ದು ಅನ್ನೋ ಲೆಕ್ಕ ತಪ್ಪೋಯ್ತು. ಇಟ್ಟಿಗೆಗೂಡಿನ ಒಳ ರಸ್ತೆಗಳಲ್ಲಿ ಸುಮ್ನೆ ನಡೆದ್ವಿ, ಹಳೇ ಹೆಂಚಿನ ಮನೆ, ಕಾಂಪೌಂಡಲ್ಲಿ ಕರಿಬೇವು, ಭಾನುವಾರದ ಮಧ್ಯಾಹ್ನ ಕುಕ್ಕರ್ ಕೂಗೋದು ಬಿಟ್ರೆ ಸದ್ದಿಲ್ಲ. ಊರು ಹಿಂಗೆ ಸಲೀಸಾಗಿ ನಡೆಯೋ ಹಾಗಿರೋದು ಸುಮ್ನೆ ಅಲ್ಲ. ಆ ಕಾಲದಲ್ಲಿ ಪ್ಲೇಗ್ ಬಂದು ಇಕ್ಕಟ್ಟಿನ ಕೇರಿಗಳಲ್ಲಿ ಜನ ಸತ್ತಿದ್ರು, ಆಮೇಲೆ 1903ರಲ್ಲಿ ಊರು ಸರಿಮಾಡೋಕೇ ಅಂತ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಮಾಡಿದ್ರು, ದೇಶದಲ್ಲೇ ಅಂಥ ಬೋರ್ಡ್ ಶುರುವಾದ ಮೊದಮೊದಲ ಊರುಗಳಲ್ಲಿ ಮೈಸೂರೂ ಒಂದು. ಹಳೇ ಬಡಾವಣೆಗಳಲ್ಲಿ ಮನೆ ಹಿಂದೆ ಕನ್ಸರ್ವೆನ್ಸಿ ಗಲ್ಲಿ, ಅಂದ್ರೆ ಕಸ ಚರಂಡಿ ಕೆಲಸಕ್ಕೆ ಬಿಟ್ಟಿರೋ ಸಣ್ಣ ದಾರಿ, ಅಂತ ಇರುತ್ತಲ್ಲ, ಅಗಲ ರಸ್ತೆ, ಮಧ್ಯೆ ಮಧ್ಯೆ ಪಾರ್ಕು, ಎಲ್ಲ ಆ ತಲೆಯವ್ರ ಕೆಲಸ. ದಾರಿ ತಪ್ಪೋ ಭಯನೂ ಬೇಡ, ಅರಮನೆ ಕಡೆಯಿಂದ ನೋಡಿದ್ರೆ ಚಾಮುಂಡಿ ಬೆಟ್ಟ ಇರೋದು ಆಗ್ನೇಯಕ್ಕೆ, ಬಿಲ್ಡಿಂಗ್ ಸಂದೀಲಿ ಬೆಟ್ಟ ಕಂಡ್ರೆ ದಿಕ್ಕು ಗೊತ್ತಾಗುತ್ತೆ, ಮ್ಯಾಪ್ ತೆಗಿಯೋದೇ ಬೇಡ.

ಝೂ ಬೇಡ ಅಂತ ಕಾರಂಜಿ ಕೆರೆಗೆ ಹೋದ್ವಿ, ಟಿಕೆಟ್ ಇದೆ, ಆದ್ರೂ ಮಧ್ಯಾಹ್ನ ಕಾಲು ಚಾಚಕ್ಕೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಬೆಂಚ್ ಮೇಲೆ ಕೂತಿದ್ದೇ ತಡ ಇವ್ರು ಗೊರಕೆ. ಜಗಳ ಆಗಿದ್ದು ಇಲ್ಲೇ, ಎದ್ದ ತಕ್ಷಣ ಆಟೋ ಮಾಡ್ಕೊಂಡು ಸ್ಟೇಷನ್ನಿಗೆ ಹೋಗಣ ಅಂದ್ರು. ನಾನು ಆಗಲ್ಲ ಅಂದೆ, ಭಾನುವಾರ ಸಂಜೆ ಅರಮನೆಗೆ ಲೈಟ್ ಹಾಕ್ತಾರೆ, ಅದು ಬಿಟ್ಟು ಬರಲ್ಲ. ಒಂದು ಕಾಫಿ ಕುಡಿಸಿದ್ ಮೇಲೆ ಸರಿಹೋದ್ರು. ನಿಮ್ಮೋರೂ ಆ ಹೊತ್ತಿಗೆ ಹಿಂಗೇ ಮಾಡ್ತಾರೆ, ರೂಲ್ ಗೀಲ್ ಎಲ್ಲ ಆಗ ಕೆಲಸಕ್ಕೆ ಬರಲ್ಲ, ಕಾಫಿನೇ.

ಏಳು ಗಂಟೆ ಮುಂಚೆನೇ ಅರಮನೆ ಹತ್ರ ಹೋಗಿ ನಿಂತ್ಕೊಳ್ಳಿ. 1897ರಲ್ಲಿ ಮರದ ಅರಮನೆ ಸುಟ್ಟೋದ್ಮೇಲೆ ಹೆನ್ರಿ ಇರ್ವಿನ್ ಪ್ಲಾನ್ ಹಾಕಿದ್ದು, 1912ರಲ್ಲಿ ಮುಗೀತು, ಈಗ ಹೆಚ್ಚುಕಮ್ಮಿ ಒಂದು ಲಕ್ಷ ಬಲ್ಬು. ಒಂದೇ ಸಲ ಹತ್ತಿದಾಗ ಜನ ಹೋ ಅಂತ ಕೂಗ್ತಾರೆ, ನೂರು ಸಲ ನೋಡಿದೀನಿ ಅಂತಿದ್ದ ನಮ್ಮನೆಯವ್ರೂ ಕೂಗಿದ್ರು. ನಾನು ಬಿಡ್ತೀನಾ, 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕೊಟ್ಟಿದ್ದು ನಮ್ ಮಂಡ್ಯ ಜಿಲ್ಲೆ ಶಿವನಸಮುದ್ರ, ನಿಮ್ ಮೈಸೂರಿಗೂ ಆಮೇಲೆ ಅಲ್ಲಿಂದ್ಲೇ ಬಂದಿದ್ದು ಅಂತ ಅಲ್ಲೇ ಕೊಟ್ಟೆ. ನಾನೂ ಮಂಡ್ಯದವನೇ ಕಣೇ ಅಂದ್ರು.

ಅಲ್ಲಿಂದ ಸ್ಟೇಷನ್ ನಡ್ಕೊಂಡೇ ಹೋಗ್ಬೋದು, ಮಂಡ್ಯ ಕಡೆಗೆ ರಾತ್ರಿನೂ ಟ್ರೈನ್ ಇರುತ್ತೆ, ಟೈಮ್ ಮಾತ್ರ ಬೆಳಗ್ಗೆನೇ ನೋಡಿಟ್ಕೊಳ್ಳಿ. ಹಳೇ ಚಪ್ಪಲಿ ಹಾಕ್ಕೊಳ್ಳಿ, ಹೊಸದು ಬೇಡ. ಚಾಮುಂಡಿ ಬೆಟ್ಟ ಇದೇ ದಿನಕ್ಕೆ ಸೇರಿಸ್ಬೇಡಿ, ಮೆಟ್ಟಿಲು ಸಾವಿರ ಚಿಲ್ರೆ ಇದೆ, ನಂದಿ ಸಿಗೋ ಹೊತ್ತಿಗೇ ಕಾಲು ನಡುಗುತ್ತೆ, ಅದಕ್ಕೆ ಬೇರೆ ದಿನ ಬೆಳಗ್ಗೆ ಆರಕ್ಕೆಲ್ಲ ಕೆಳಗಿರ್ಬೇಕು. ಅದ್ರ ಬಗ್ಗೆ ಕೇಳೋದಿದ್ರೆ ಬೇರೆ ಪ್ರಶ್ನೆ ಹಾಕಿ, ನಮ್ಮನೆಯವ್ರ ಕೈಲಿ ಬರೆಸ್ತೀನಿ.